ಬೀಗವಿಲ್ಲದ ಅಲಗು

ಕ್ಷೌರಿಕನ ಕುರ್ಚಿಯಲ್ಲಿ ಕುಳಿತು, ಗದ್ದವನ್ನು ಮೇಲಕ್ಕೆತ್ತಿ, ಕಣ್ಣು ಮುಚ್ಚುವ ಗಿರಾಕಿ ತಾನೊಬ್ಬ ಸಾಹಸಿಯೆಂದು ಎಂದೂ ಭಾವಿಸುವುದಿಲ್ಲ. ಆದರೆ ಅವನ ಗಂಟಲ ಮೇಲೆ ಸರಿಯುತ್ತಿರುವುದು ಮಡಚುವ ಅಲಗು. ಅದನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡಲು ಬೀಗವಿಲ್ಲ, ಸ್ಪ್ರಿಂಗ್ ಸಹ ಇಲ್ಲ. ಹಿಡಿಯ ಎರಡು ಪಕ್ಕೆಗಳ ನಡುವೆ ಒಂದು ಮೊಳೆ, ಅಲಗಿನ ಹಿಂದೆ ಚಾಚಿದ ಗಿಡ್ಡ ಬಾಲ, ಆ ಬಾಲದ ಮೇಲೆ ಕ್ಷೌರಿಕನ ಕಿರುಬೆರಳು: ಇಷ್ಟೇ ಅದರ ಭದ್ರತೆಯ ಏರ್ಪಾಡು. ಊರಿನ ಗಂಡಸರ ಕೊರಳುಗಳು ತಲೆಮಾರುಗಳಿಂದ ಈ ಏರ್ಪಾಡಿಗೆ ಒಪ್ಪಿಸಿಕೊಂಡು ಬಂದಿವೆ. ಸಾಣೆ ಹಿಡಿದ ಹಳೆಯ ಕತ್ತಿ ಹೋಗಿ ಬ್ಲೇಡು ಸಿಕ್ಕಿಸುವ ಹೊಸ ಕತ್ತಿ ಬಂದಿದೆಯಾದರೂ ಮಡಚುವ ಬಗೆ ಹಾಗೆಯೇ ಉಳಿದಿದೆ. ಇದಕ್ಕೆ ಬೀಗ ಎಲ್ಲಿದೆ ಎಂದು ಕೇಳಿದ ಗಿರಾಕಿ ಇಲ್ಲ. ಕೈ ಗೊತ್ತಿದ್ದರೆ ಸಾಕು.

ಕ್ಷೌರದ ಕತ್ತಿಗೂ ಜೇಬಿನ ಚಾಕುವಿಗೂ ಇರುವ ನಂಟನ್ನು ಭಾಷೆಯೂ ಮರೆತಿಲ್ಲ. ಸಂಸ್ಕೃತದ ‘ಕ್ಷುರ’ವೆಂದರೆ ಕೂದಲು ಹೆರೆಯುವ ಕತ್ತಿ, ‘ಕ್ಷೌರ’ ಹುಟ್ಟಿದ್ದು ಅದರಿಂದ. ಅದೇ ಮೂಲದ ‘ಕ್ಷುರಿಕಾ’, ‘ಛುರಿಕಾ’ ಎಂಬ ರೂಪಗಳು ಸವೆಯುತ್ತ ಬಂದು ಕನ್ನಡದಲ್ಲಿ ‘ಚೂರಿ’ಯಾದವು, ಮರಾಠಿಯಲ್ಲಿ ‘ಸುರೀ’ಯಾದವು. ‘ಕತ್ತಿ’ ದ್ರಾವಿಡದ ಮನೆಮಗಳು. ‘ಚಾಕು’ ಪಾರಸಿಯ ದಾರಿಯಲ್ಲಿ ಬಂದ ಅತಿಥಿ. ಬಂದವನು ಎರಡೂ ಭಾಷೆಗಳಲ್ಲಿ ಮನೆಯವನಾಗಿಬಿಟ್ಟ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಸಂತೆಯಲ್ಲಿ ‘ಚಾಕು’ ಎಂದರೆ ಅಂಗಡಿಕಾರ ಯಾವ ಭಾಷೆಯವನೆಂದು ವಿಚಾರಿಸಬೇಕಾಗಿಲ್ಲ. ಮಡಚುವ ಕ್ರಿಯೆಗೆ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ಕನ್ನಡದ ‘ಮಡಿಕೆ’ ಮರಾಠಿಯಲ್ಲಿ ‘ಘಡಿ’. ಆ ‘ಘಡಿ’ಗೂ ಕನ್ನಡದ ‘ಗಡಿ’ಗೂ ನಡುವೆ ಇರುವುದು ಒಂದು ಮಹಾಪ್ರಾಣದಷ್ಟು ಅಂತರ. ಗಡಿನಾಡಿನ ತರಗತಿಗಳಲ್ಲಿ ಉಕ್ತಲೇಖನ ಬರೆಸಿದವರಿಗೆ ಈ ಅಂತರ ಎಷ್ಟು ಬೇಗ ಅಳಿಸಿಹೋಗುತ್ತದೆಂಬುದು ಗೊತ್ತು.

ಇಲ್ಲಿ ಹೇಳಹೊರಟಿರುವುದು ಒಂದು ವಿಶೇಷ ಬಗೆಯ ಚಾಕುವಿನ ಕುರಿತು. ಅದು ಮಡಚುವಂಥದು, ಜೇಬಿನಲ್ಲಿ ಇರುವಂಥದು, ಗಾತ್ರದಲ್ಲಿ ದೊಡ್ಡದು, ಆದರೂ ಬೀಗವಿಲ್ಲದ್ದು. ಮುಚ್ಚಿದಾಗ ಸುಮಾರು 11ರಿಂದ 13 ಸೆಂಟಿಮೀಟರ್ ಉದ್ದ. ತೆರೆದರೆ 9-10 ಸೆಂಟಿಮೀಟರಿನ ಅಲಗು. ಯೂರೋಪು, ಅಮೆರಿಕಗಳಲ್ಲಿ ಇಂಥ ಚಾಕುಗಳನ್ನು ಮೆಚ್ಚಿ ಬಳಸುವವರು, ತಂದೆಯಿಂದ ಪಡೆದು ಮಗನಿಗೆ ಕೊಡುವವರು ಇಂದಿಗೂ ಇದ್ದಾರೆ. ಬೀಗದ ಚಾಕು ಅಗ್ಗವಾಗಿ ಎಲ್ಲೆಡೆ ಸಿಗುವ ಕಾಲದಲ್ಲಿ ಬೀಗವಿಲ್ಲದ್ದನ್ನು, ಅದೂ ದೊಡ್ಡದನ್ನು, ಅವರು ಬೇಕೆಂದೇ ಆರಿಸಿಕೊಳ್ಳುತ್ತಾರೆ. ಮೇಲುನೋಟಕ್ಕೆ ಇದು ಹಟದಂತೆ ಕಾಣುತ್ತದೆ. ಆ ಹಟದೊಳಗೆ ಒಂದು ವಿವೇಕವಿದೆ.

ನಮ್ಮ ಕಡೆ ದೊಡ್ಡ ಮಡಚುವ ಚಾಕು ಎಂದೊಡನೆ ಮನಸ್ಸಿಗೆ ಬರುವುದು ರಾಮಪುರಿ. ಉತ್ತರಪ್ರದೇಶದ ರಾಮಪುರದ ಕುಶಲಕರ್ಮಿಗಳ ಆ ಕೃತಿ 1970ರ ದಶಕದ ಹಿಂದಿ ಚಿತ್ರಗಳಲ್ಲಿ ಖಳನ ಆರನೆಯ ಬೆರಳಾಯಿತು. ಅದರ ಅಲಗು ಸಾಮಾನ್ಯವಾಗಿ 9ರಿಂದ 12 ಇಂಚು. ಅದು ತೆರೆಯುವಾಗ ಕೇಳುವ ‘ಕಟಕಟ’ ಸದ್ದು ಬೀಗ ಬೀಳುವ ಸದ್ದು; ಪರದೆಯ ಮೇಲೆ ಅದು ಮಾತಿಗಿಂತ ಮುಂಚೆ ಬರುವ ಬೆದರಿಕೆ. ಮಾರುಕಟ್ಟೆಯ ಚಾಕುವಿನ ಮೇಲೆ ಕಾನೂನಿನ ಕಣ್ಣು ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಮನೆ, ಬೇಸಾಯ, ವಿಜ್ಞಾನ, ಉದ್ಯಮಗಳ ಬಳಕೆಗೆಂದು ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಭಾರತದ ಶಸ್ತ್ರ ನಿಯಮಗಳು ಆಯುಧಗಳ ಸಾಲಿಗೆ ಸೇರಿಸಿವೆ. ಬೀಗವಿಲ್ಲದ ಚಾಕು ರಾಮಪುರಿಯ ತದ್ವಿರುದ್ಧ ದಿಕ್ಕಿನದು. ಅದರಿಂದ ತಿವಿಯಲು ಹೊರಟವನ ಬೆರಳನ್ನೇ ಅದು ಮೊದಲು ಹುಡುಕಿಕೊಂಡು ಬರುತ್ತದೆ.

ಅದರ ರಚನೆಯನ್ನು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದು ಎತ್ತಿನ ಬಿಲ್ಲಿನಂತೆ ಬಾಗಿ ಕಾಣುವುದಿಲ್ಲ, ಆದರೆ ಸದಾ ಬಿಗಿದೇ ಇರುತ್ತದೆ, ಅದೇ ಸ್ಪ್ರಿಂಗ್. ಅಲಗಿನ ಬುಡವು ಕೀಲಿನ ಸುತ್ತ ತಿರುಗುತ್ತದೆ. ಆ ಬುಡಕ್ಕೆ ಚಪ್ಪಟೆ ಮೈಗಳನ್ನು ತೀಡಿರುತ್ತಾರೆ. ಚಾಕು ಪೂರ್ತಿ ತೆರೆದಾಗ ಒಂದು ಚಪ್ಪಟೆ ಮೈ ಸ್ಪ್ರಿಂಗಿನ ಕೆಳಗೆ ಕೂರುತ್ತದೆ, ಪೂರ್ತಿ ಮುಚ್ಚಿದಾಗ ಇನ್ನೊಂದು. ಕೆಲವು ಚಾಕುಗಳಲ್ಲಿ ನಡುವೆ, ಅಲಗು ಹಿಡಿಗೆ ಲಂಬವಾಗಿ ನಿಲ್ಲುವಲ್ಲಿ, ಮತ್ತೊಂದು ತಂಗುದಾಣವಿರುತ್ತದೆ. ಬುಡದ ಮೂಲೆಗಳನ್ನು ದಾಟುವಾಗ ಸ್ಪ್ರಿಂಗ್ ಮೇಲಕ್ಕೆದ್ದು ಮತ್ತೆ ಕೂರುತ್ತದೆ. ಕೈಗೆ ತಿಳಿಯುವ ‘ಟಕ್’ ಎಂಬ ಅನುಭವ ಅದರದು. ಅಲಗನ್ನು ಎತ್ತಲು ಮೇಲಂಚಿನ ಬಳಿ ಉಗುರು ಸಿಕ್ಕಿಸುವಷ್ಟು ಒಂದು ಗೀರು. ತೆರೆಯಲು ಎರಡು ಕೈ ಬೇಕು, ಒಂದು ಕ್ಷಣದ ವ್ಯವಧಾನವೂ ಬೇಕು. ಸಿಟ್ಟಿನಲ್ಲಿರುವವನಿಗೆ ಇವೆರಡೂ ಸುಲಭವಾಗಿ ಒದಗುವುದಿಲ್ಲ.

ಸ್ಪ್ರಿಂಗ್ ಅಲಗನ್ನು ತಡೆಯುತ್ತದೆ, ಕಟ್ಟಿಹಾಕುವುದಿಲ್ಲ. ಅಲಗಿನ ಬೆನ್ನಿಗೆ ಸಾಕಷ್ಟು ಒತ್ತಡ ಬಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವ ದಾರಿಯಲ್ಲಿ ಹಿಡಿದವನ ಬೆರಳುಗಳಿವೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಅವರದೇ ಪರಿಭಾಷೆಯಲ್ಲಿ ಹೇಳುವುದಾದರೆ, ಅಲಗೂ ಹಿಡಿಯೂ ಸೇರುವ ಈ ಸಂಧಿಯಲ್ಲಿ ಎಚ್ಚರ ತಪ್ಪಿದರೆ ಆಗುವುದು ಲೋಪಸಂಧಿ, ಮತ್ತು ಲೋಪವಾಗುವುದು ಬೆರಳು. ಆದರೆ ಕೊಯ್ಯುವ ಕೆಲಸವನ್ನೊಮ್ಮೆ ಗಮನಿಸಬೇಕು. ಹಣ್ಣನ್ನೋ ಹಗ್ಗವನ್ನೋ ಕೊಯ್ಯುವಾಗ ಕೈ ಅಲಗನ್ನು ಕೆಳಕ್ಕೆ ಒತ್ತುತ್ತದೆ. ಹಣ್ಣು ಅಲಗನ್ನು ಮೇಲಕ್ಕೆ ನೂಕುತ್ತದೆ. ಮೇಲಕ್ಕೆಂದರೆ ತೆರೆಯುವ ದಿಕ್ಕಿಗೆ. ಆ ದಿಕ್ಕಿನಲ್ಲಿ ಅಲಗು ಆಗಲೇ ತನ್ನ ಕೊನೆಯ ತಡೆಗೆ ಆತುಕೊಂಡಿರುತ್ತದೆ. ಹಾಗಾಗಿ ಸರಿಯಾಗಿ ಕೊಯ್ಯುವಷ್ಟು ಹೊತ್ತು ಚಾಕು ಮುಚ್ಚಿಕೊಳ್ಳಲಾರದು. ಕೊಯ್ಯುವ ಕೆಲಸವೇ ಅಲಗನ್ನು ತೆರೆದಿಡುತ್ತದೆ. ಬೀಗ ಬೇಕಾಗುವುದು ತಿವಿಯುವಾಗ, ಮೀಟುವಾಗ, ತಿರುಚುವಾಗ, ಸಿಕ್ಕಿಬಿದ್ದ ಅಲಗನ್ನು ಹಿಂದಕ್ಕೆ ಜಗ್ಗುವಾಗ. ಇವುಗಳಲ್ಲಿ ಹೆಚ್ಚಿನವು ಚಾಕುವಿನ ಕೆಲಸಗಳೇ ಅಲ್ಲ.

ಹಾಗಾದರೆ ಸಣ್ಣದು ಸಾಲದೆ? ದೊಡ್ಡದೇಕೆ? ಲೆಕ್ಕ ಹಾಕಿದರೆ ದೊಡ್ಡದರ ಪಕ್ಷ ದುರ್ಬಲವಾಗಿಯೇ ಕಾಣುತ್ತದೆ. ಸ್ಪ್ರಿಂಗ್ ಅಲಗನ್ನು ಹಿಡಿಯುವುದು ಕೀಲಿನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ. ಅಲಗಿನ ತುದಿ ಕೀಲಿನಿಂದ 10 ಸೆಂಟಿಮೀಟರ್ ದೂರದಲ್ಲಿದೆ. ಬಾವಿಯ ಏತದ ಉದ್ದ ತೋಳಿನಲ್ಲಿ ನಿಂತವನು ಹಗುರಾಗಿದ್ದರೂ ಭಾರದ ಕಲ್ಲನ್ನು ಎತ್ತುವಂತೆ, ತುದಿಯ ಮೇಲೆ ಬಿದ್ದ ಸಣ್ಣ ಬಲವೂ ಸ್ಪ್ರಿಂಗನ್ನು ಸೋಲಿಸಬಲ್ಲದು. ಅಲಗು ಉದ್ದವಾದಷ್ಟೂ ಈ ಅಪಾಯ ಹೆಚ್ಚು. ಅದನ್ನು ಸರಿದೂಗಿಸಲು ಸ್ಪ್ರಿಂಗನ್ನು ಗಡುಸಾಗಿಸಿದರೆ ತೆರೆಯುವವನ ಉಗುರು ಮುರಿಯುತ್ತದೆ. ಆದ್ದರಿಂದ ದೊಡ್ಡ ಚಾಕುವನ್ನು ಮಾಡುವವನು ಎರಡು ನೋವುಗಳ ನಡುವೆ ಒಂದು ಹದವನ್ನು ಹುಡುಕಬೇಕು. ಹದ ಎಂಬ ಮಾತಿಗೆ ಹೊಲದಲ್ಲಿಯೂ ಅಡುಗೆಮನೆಯಲ್ಲಿಯೂ ಕುಲುಮೆಯಲ್ಲಿಯೂ ಒಂದೇ ಅರ್ಥ: ಅದನ್ನು ಅಳೆಯಲಾಗದು, ಕೈಯಿಂದ ಮಾತ್ರ ತಿಳಿಯಬಹುದು.

ಇಷ್ಟಾದರೂ ದೊಡ್ಡದನ್ನು ಜನ ಮೆಚ್ಚಿರುವುದಕ್ಕೆ ಮೊದಲ ಕಾರಣ ಹಿಡಿ. ಮಡಚುವ ಚಾಕುವಿನ ಹಿಡಿ ತನ್ನ ಅಲಗನ್ನು ನುಂಗಬೇಕು. ಆದುದರಿಂದ ಅಲಗಿಗಿಂತ ಉದ್ದವಾಗಿಯೇ ಇರಬೇಕು. ಸಣ್ಣ ಚಾಕುವನ್ನು ಎರಡು ಬೆರಳು, ಹೆಬ್ಬೆರಳುಗಳಿಂದ ಚಿವುಟಿ ಹಿಡಿಯಬೇಕಾಗುತ್ತದೆ. ದೊಡ್ಡದನ್ನು ನಾಲ್ಕೂ ಬೆರಳು ಸುತ್ತಿ, ಅಂಗೈ ತುಂಬ ಹಿಡಿಯಬಹುದು. ಬಿಗಿದು ಹಿಡಿಯಬೇಕಾಗಿ ಬರುವುದು ಸಣ್ಣದನ್ನು. ಬಿಗಿತ ಹೆಚ್ಚಾದಲ್ಲಿ ಕೈ ಜಾರುವುದೂ ಹೆಚ್ಚು. ಇಡೀ ದಿನ ಕೆಲಸ ಮಾಡುವವನಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಕಾರಣ ಅಲಗಿನ ತೆಳುವು. ಬೀಗದ ಭರವಸೆ ಇರುವ ಚಾಕು ದುರುಪಯೋಗವನ್ನೂ ತಾಳಬೇಕಾಗುತ್ತದೆಂದು ಅದರ ಅಲಗನ್ನು ದಪ್ಪವಾಗಿಸುವುದುಂಟು. ಬೀಗವಿಲ್ಲದ್ದಕ್ಕೆ ಆ ಹೊಣೆ ಇಲ್ಲ. ಅದು ತೆಳ್ಳಗಿರಬಹುದು, ಉದ್ದವಾಗಿರಬಹುದು, ಹಣ್ಣಿನಲ್ಲಿ ಬಿರುಕು ಬಿಡಿಸದೆ ಸರಕ್ಕನೆ ಇಳಿಯಬಹುದು.

ಉದ್ದ ಅಲಗು ಜೇಬಿಗೆ ಬಂದುದರ ಹಿಂದೆ ಊಟದ ಕತೆಯೂ ಇದೆ. ಜೋಳದ ನಾಡಿನ ರೈತ ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಚಾಕು ಬೇಡ. ಖಡಕ್ ರೊಟ್ಟಿ ಕೈಯಲ್ಲಿ ಮುರಿಯುತ್ತದೆ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದರೇ ಅದರ ರುಚಿ ಎಂಬ ನಂಬಿಕೆ ಬೇರೆ. ಮನೆಯಲ್ಲಿ ಈಳಿಗೆಮಣೆ ಇದೆ; ಅಲ್ಲಿ ಕೈ ಚಲಿಸುತ್ತದೆ, ಅಲಗು ನಿಶ್ಚಲ. ಹೊಲದಲ್ಲಿ ಕುಡಗೋಲಿದೆ. ಚಂಚಿಯಲ್ಲಿ ಅಡಕೊತ್ತು ಇದೆ. ಚಾಕುವಿಗೆ ಉಳಿದಿರುವ ಕೆಲಸ ಕಡಿಮೆ. ಫ್ರಾನ್ಸಿನ ಗುಡ್ಡಗಾಡಿನ ದನಗಾಹಿಯ ಬುತ್ತಿಯ ಬಗೆ ಬೇರೆ. ಗಟ್ಟಿ ಸಿಪ್ಪೆಯ ದೊಡ್ಡ ರೊಟ್ಟಿ, ಚೀಸಿನ ಗಡ್ಡೆ, ಒಣಗಿಸಿದ ಮಾಂಸ: ಇವು ಯಾವುವೂ ಕೈಯಲ್ಲಿ ಮುರಿಯುವಂಥವಲ್ಲ. ಚಾಕು ಮರೆತವನು ಅಂದು ಉಪವಾಸ. ಆ ರೊಟ್ಟಿಯ ಅಡ್ಡಗಲವೇ ಅಲಗಿನ ಉದ್ದವನ್ನು ನಿರ್ಧರಿಸಿತೆಂದರೂ ತಪ್ಪಾಗದು.

ಆ ಪರಂಪರೆಯ ಅತ್ಯಂತ ಪ್ರಸಿದ್ಧ ಕೂಸು ಲಾಯೋಲ್ ಚಾಕು. ದಕ್ಷಿಣ ಫ್ರಾನ್ಸಿನ ಅವೆರೋನ್ ಪ್ರಾಂತದಲ್ಲಿ, ಓಬ್ರಾಕ್ ಪ್ರಸ್ಥಭೂಮಿಯ ಅಂಚಿನಲ್ಲಿರುವ ಆ ಹೆಸರಿನ ಊರಿನಲ್ಲಿ ಅದು ರೂಪುಗೊಂಡದ್ದು 1829ರ ಸುಮಾರಿಗೆ. ಅದರ ಹಿಡಿಯ ಉದ್ದ ಸಾಮಾನ್ಯವಾಗಿ 12 ಸೆಂಟಿಮೀಟರ್. ಸ್ಪ್ರಿಂಗಿನ ತಲೆಯ ಮೇಲೆ ಒಂದು ಜೇನುನೊಣದ ಆಕೃತಿ. ಅಲಗಿಗೆ ಬೀಗವಿಲ್ಲ. ಆ ಚಾಕು ಬೆಳೆದ ರೀತಿಯಲ್ಲಿ ಅದನ್ನು ಬಳಸಿದವರ ಬದುಕೇ ಇದೆ. 19ನೆಯ ಶತಮಾನದ ನಡುವಿಗೆ ಅದಕ್ಕೆ ಒಂದು ದಬ್ಬಣ ಸೇರಿತು. ಹಸಿ ಮೇವು ತಿಂದು ದನದ ಹೊಟ್ಟೆ ಉಬ್ಬರಿಸಿದಾಗ ಚುಚ್ಚಿ ವಾಯು ಹೊರಬಿಡಲು ಅದು ಬೇಕಾಗಿತ್ತು. ಹೊಟ್ಟೆಯುಬ್ಬರದಿಂದ ಎತ್ತನ್ನು ಕಳೆದುಕೊಂಡ ಮನೆಗಳು ಇರುವ ನಾಡಿನಲ್ಲಿ ಆ ದಬ್ಬಣದ ಬೆಲೆಯನ್ನು ವಿವರಿಸಬೇಕಾಗಿಲ್ಲ. 1880ರ ಸುಮಾರಿಗೆ ದ್ರಾಕ್ಷಾರಸದ ಸೀಸೆಯ ಬಿರಡೆ ತೆಗೆಯುವ ತಿರುಪು ಸೇರಿತು. ಅವೆರೋನಿನ ಯುವಕರು ಹೊಟ್ಟೆಪಾಡಿಗಾಗಿ ಪ್ಯಾರಿಸ್ಸಿಗೆ ಹೋಗಿ ಕಾಫಿಗೃಹಗಳಲ್ಲಿ ದುಡಿಯತೊಡಗಿದ ಕಾಲ ಅದು. ದನದ ಹಟ್ಟಿಯಿಂದ ಪೇಟೆಯ ಮೇಜಿಗೆ ಒಂದು ಸಮುದಾಯ ನಡೆದ ದಾರಿ ಒಂದೇ ಹಿಡಿಯೊಳಗೆ ಮಡಚಿಕೊಂಡಿದೆ.

ಸ್ಪ್ರಿಂಗ್ ಸಹ ಇಲ್ಲದೆ ಬಾಳಿದ ಬಂಧುಗಳೂ ಈ ಕುಲದಲ್ಲಿವೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಯಲ್ಲಿ ಮಡಚಿದ ತಗಡಿನ ಹಿಡಿ, ಒಂದು ಮೊಳೆ, ಹಿಂದೆ ಚಾಚಿದ ಒಂದು ಬಾಲ ಮಾತ್ರ ಇವೆ. ಬಾಲವನ್ನು ಹೆಬ್ಬೆರಳು ಅದುಮಿ ಹಿಡಿಯುತ್ತದೆ. ನಮ್ಮ ಕ್ಷೌರಿಕನ ಕಿರುಬೆರಳಿನ ಕೆಲಸವನ್ನೇ ಅಲ್ಲಿ ಹೆಬ್ಬೆರಳು ಮಾಡುತ್ತದೆ. ಫ್ರಾನ್ಸಿನ ಸವ್ವಾ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ರೈತರ ಚಾಕು ಇನ್ನೂ ಸರಳ: ಸೀಳಿದ ಮರದ ಹಿಡಿ, ಅಡ್ಡ ಹೊಡೆದ ಕೀಲು. ಅಲಗನ್ನು ಹಿಡಿದಿಟ್ಟದ್ದು ಮರದ ಬಿಗಿತ ಮಾತ್ರ. ಮಳೆಯಲ್ಲಿ ಮರ ಉಬ್ಬಿ ಅಲಗು ಹೊರಬರದಿದ್ದರೆ ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟುತ್ತಿದ್ದರು. 1897ರಲ್ಲಿ ಅದು 1ರಿಂದ 12ರವರೆಗಿನ ಗಾತ್ರಗಳಲ್ಲಿ ಬಂತು. ಆರು ದಶಕಗಳ ಕಾಲ ಸವ್ವಾದ ರೈತರು ದೊಡ್ಡ ಗಾತ್ರಗಳನ್ನೂ ಬೀಗವಿಲ್ಲದೆಯೇ ಬಳಸಿದರು. 1955ರಲ್ಲಿ ಅದೇ ಮನೆತನದವರು ಕೀಲಿನ ಸುತ್ತ ತಿರುಗುವ ಒಂದು ಉಂಗುರವನ್ನು ಕಂಡುಹಿಡಿದರು; ಅಲ್ಲಿಗೆ ದೊಡ್ಡ ಗಾತ್ರಗಳಿಗೆ ಬೀಗ ಬಂತು. ಸಣ್ಣವು ಇಂದಿಗೂ ಉಂಗುರವಿಲ್ಲದೆಯೇ ಇವೆ. ಬೀಗವಿಲ್ಲದ ದೊಡ್ಡ ಚಾಕುವನ್ನು ಹೊಗಳುವವರು ಈ ಸಂಗತಿಯನ್ನು ಮರೆಮಾಚಬಾರದು. ಉದ್ದ ಅಲಗಿಗೆ ಕಾವಲು ಬೇಕೆಂದು ಅದನ್ನು ಮಾಡಿದವರಿಗೇ ಅನ್ನಿಸಿತ್ತು.

ಅಮೆರಿಕದಲ್ಲಿ ಬದಲಾವಣೆಯ ಗುರುತು 1964ರ ಆಸುಪಾಸಿನದು. ಬಕ್ ಕಂಪನಿಯ 110 ಎಂಬ ಚಾಕು ಬಂದುದು ಆಗ. ಬೀಗದ ಚಾಕುಗಳು ಅದಕ್ಕೂ ಹಿಂದೆ ಇದ್ದವಾದರೂ ಬೇಟೆಗಾರರ, ಕೂಲಿಕಾರರ ಸೊಂಟಕ್ಕೆ ಅವನ್ನು ತಂದದ್ದು 110. ರಕ್ತದಲ್ಲಿ ಒದ್ದೆಯಾದ ಕೈ, ಚಳಿಗೆ ಮರಗಟ್ಟಿದ ಬೆರಳು, ಕತ್ತಲೆ, ಅವಸರ ಇವೆಲ್ಲ ಇರುವಲ್ಲಿ ಬೀಗ ಎಷ್ಟೋ ಬೆರಳುಗಳನ್ನು ಉಳಿಸಿದೆ. ಅದನ್ನು ಹೀಗಳೆಯುವುದು ಮೂರ್ಖತನ. ಅದರೊಂದಿಗೇ ಹಳೆಯ ಚಾಕುಗಳೂ ಉಳಿದವು. ಕೃಷಿಕರಿಗೆಂದು ಮಾಡಿದ ‘ಸೋಡ್‌ಬಸ್ಟರ್’ ಎಂಬ ಮಾದರಿ ಹೆಸರಿನಲ್ಲೇ ಹೊಲವನ್ನು ಹೊತ್ತಿದೆ: ನೆಲದ ಹುಲ್ಲುಹೆಂಟೆ ಒಡೆಯುವವನು. ಪೆನ್ಸಿಲ್ವೇನಿಯದ ಕೇಸ್ ಕಂಪನಿಯ ದೊಡ್ಡ ಸೋಡ್‌ಬಸ್ಟರ್ ಮುಚ್ಚಿದಾಗ ಸುಮಾರು 11.7 ಸೆಂಟಿಮೀಟರ್, ಒಂದೇ ಅಲಗು, ಸಾದಾ ಹಿಡಿ, ಅಲಂಕಾರವಿಲ್ಲ, ಬೀಗವೂ ಇಲ್ಲ. ಆ ಹೆಸರನ್ನು ಕನ್ನಡಕ್ಕೆ ತರುವವರು ‘ಹೆಂಟೆಯೊಡಕ’ ಎಂದರೆ ಬಹುಶಃ ಹೊಲದವರಿಗೆ ತಿಳಿದೀತು.

ಕಾನೂನುಗಳೂ ಗಾತ್ರ ಮತ್ತು ಬೀಗ ಎಂಬ ಎರಡು ಎಳೆಗಳನ್ನು ಬಿಡಿಸಿ ನೋಡಿವೆ. ಬ್ರಿಟನ್ನಿನ 1988ರ ಕಾಯಿದೆಯಂತೆ 3 ಇಂಚು ಮೀರದ ಅಂಚಿರುವ ಮಡಚುವ ಜೇಬುಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದು. ಬೀಗ ಬೀಳುವ ಚಾಕು ಈ ರಿಯಾಯಿತಿಗೆ ಬರುವುದಿಲ್ಲವೆಂದು ಅಲ್ಲಿನ ನ್ಯಾಯಾಲಯ 1990ರ ದಶಕದ ಆರಂಭದಲ್ಲಿ ತೀರ್ಮಾನಿಸಿತು. ಜರ್ಮನಿ 2008ರಲ್ಲಿ, ಒಂದೇ ಕೈಯಲ್ಲಿ ತೆರೆದು ಬೀಗ ಹಾಕಬಹುದಾದ ಚಾಕುಗಳ ಒಯ್ಯುವಿಕೆಗೆ ನಿರ್ಬಂಧ ಹೇರಿತು. ಬೀಗವಿಲ್ಲದಿರುವುದು ಹೀಗೆ ಅಧಿಕೃತವಾಗಿ ಸೌಮ್ಯತೆಯ ಲಕ್ಷಣವಾಯಿತು. ಆದರೆ ನಮ್ಮ ದೊಡ್ಡ ಚಾಕು ಬ್ರಿಟನ್ನಿನ 3 ಇಂಚನ್ನು ಮೀರುತ್ತದೆ. ಗುಣದಲ್ಲಿ ಸಾಧು, ಗಾತ್ರದಲ್ಲಿ ಸಂಶಯಾಸ್ಪದ. ಊರಿನಲ್ಲಿ ಎತ್ತರದ ಮೈಕಟ್ಟಿನ ಮೆತ್ತನೆಯ ಮನುಷ್ಯರು ಅನುಭವಿಸುವ ಪಾಡು ಅದರದು.

ಈ ಕುಲದ ಇತಿಹಾಸವೆಲ್ಲ ಇಷ್ಟು ಸೌಮ್ಯವಾಗಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ 14ನೆಯ ಶತಮಾನದ ವೇಳೆಗಾಗಲೇ ಚಾಕುವಿಗೆ ಹೆಸರಾಗಿತ್ತು. ಚಾಸರ್ ಕವಿಯ ಕತೆಯೊಂದರ ಗಿರಣಿಕಾರ ಶೆಫೀಲ್ಡಿನ ಚಾಕುವನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಾನೆ. 1624ರಲ್ಲಿ ಅಲ್ಲಿನ ಚಾಕು ಕಸಬುದಾರರ ಸಂಘಕ್ಕೆ ಸಂಸತ್ತಿನ ಶಾಸನದ ಮನ್ನಣೆ ಸಿಕ್ಕಿತು. ಸಣ್ಣ ಕೋಣೆಗಳಲ್ಲಿ ಸ್ವಂತವಾಗಿ ದುಡಿಯುವ ಕಸಬುದಾರರನ್ನು ಅಲ್ಲಿ ‘ಲಿಟ್ಲ್ ಮೆಸ್ಟರ್’ ಎಂದು ಕರೆಯುತ್ತಿದ್ದರು. ಅಲಗನ್ನು ಹರಿತಗೊಳಿಸುತ್ತಿದ್ದವರು ಮರಳುಗಲ್ಲಿನ ಚಕ್ರದ ಮೇಲೆ ಬಾಗಿ ಕುಳಿತು, ಕಲ್ಲಿನ ಮತ್ತು ಉಕ್ಕಿನ ಧೂಳನ್ನು ಉಸಿರಾಡುತ್ತ ಕೆಲಸ ಮಾಡುತ್ತಿದ್ದರು. ನೀರಿಲ್ಲದೆ ಒಣಗಲ್ಲಿನ ಮೇಲೆ ತೀಡುತ್ತಿದ್ದವರಲ್ಲಿ ಅನೇಕರು ನಡುವಯಸ್ಸನ್ನು ಕಾಣಲಿಲ್ಲ. ಜಗತ್ತಿನ ಜೇಬುಗಳಿಗೆ ಹೋದ ನುಣುಪಾದ ಅಲಗುಗಳ ಹಿಂದೆ ಅವರ ಸವೆದ ಶ್ವಾಸಕೋಶಗಳಿವೆ. ಆ ಪರಂಪರೆಯ ಕೊನೆಯ ಹಿರಿಯರಲ್ಲಿ ಒಬ್ಬರಾದ ಸ್ಟ್ಯಾನ್ ಶಾ 2021ರಲ್ಲಿ ತೀರಿಕೊಂಡರು. ಹದಿಹರೆಯದಲ್ಲಿ ಕಸಬಿಗೆ ಸೇರಿ ಇಳಿವಯಸ್ಸಿನವರೆಗೂ ಮಡಚುವ ಚಾಕುಗಳನ್ನು ಕೈಯಿಂದಲೇ ಮಾಡಿದವರು ಅವರು. ಬೆಲೆಬಾಳುವ ಹಳೆಯ ಚಾಕುವನ್ನು ಕೈಗೆತ್ತಿಕೊಂಡು ಮೆಚ್ಚುವವರು ಈ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ನಾಡಿಗೆ ಮರಳಿದರೆ, ಬೀಗವಿಲ್ಲದ ಮಡಚುವ ಚಾಕು ತೋಟಗಳಲ್ಲಿ ಸಿಗುತ್ತದೆ. ಸಾಂಗ್ಲಿ, ಜತ್ತ, ಸೊಲ್ಲಾಪುರಗಳ ದ್ರಾಕ್ಷಿ ಬಳ್ಳಿಗಳಲ್ಲಿ ಬಹುಪಾಲು ತಮ್ಮ ಬೇರಿನ ಮೇಲೆ ತಾವು ನಿಂತವಲ್ಲ. ಬರವನ್ನೂ ಉಪ್ಪುನೀರನ್ನೂ ತಾಳುವ ‘ಡಾಗ್‌ರಿಡ್ಜ್’ ಎಂಬ ಬೇರುಗಿಡದ ಮೇಲೆ ಬೇಕಾದ ತಳಿಯ ಕಡ್ಡಿಯನ್ನು ಕಸಿ ಕಟ್ಟುತ್ತಾರೆ. ಕಸಿ ಕಟ್ಟುವವನು ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಬೇರುಗಿಡದ ಸೀಳಿನೊಳಗೆ ಇಳಿಸುತ್ತಾನೆ. ಕೊಯ್ತ ಒಂದೇ ಎಳೆತದಲ್ಲಿ, ಸಮನಾಗಿ ಆಗಬೇಕು. ಎರಡನೆಯ ಎಳೆತದ ಗಾಯ ಸರಿಯಾಗಿ ಕೂಡುವುದಿಲ್ಲ. ಈ ಕೆಲಸಕ್ಕೆಂದೇ ಮಾಡಿದ ಚಾಕುಗಳಲ್ಲಿ ಸ್ಪ್ರಿಂಗ್ ಮಾತ್ರವಿರುವ, ಬೀಗವಿಲ್ಲದ, ಮಡಚುವಂಥವು ಹೇರಳ. ದಾಳಿಂಬೆಯ ರೆಂಬೆಗೆ ಗುಟಿ ಕಟ್ಟುವವನು ಅಂಥದೇ ಅಲಗಿನಿಂದ ತೊಗಟೆಯನ್ನು ಉಂಗುರದಂತೆ ಬಿಡಿಸುತ್ತಾನೆ. ದಿನಕ್ಕೆ ನೂರಾರು ಸಲ ಅಲಗು ಅವನ ಹೆಬ್ಬೆರಳಿನತ್ತ ಬಂದು ಒಂದು ಎಳೆಯಷ್ಟು ದೂರದಲ್ಲಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸುವುದು ಯಾವ ಯಂತ್ರಭಾಗವೂ ಅಲ್ಲ. ಕೈಯೊಂದು ವರ್ಷಗಳಿಂದ ಕಲಿತದ್ದು ಅಲ್ಲಿ ನಿಲ್ಲಿಸುತ್ತದೆ.

ಇಂಥ ಚಾಕುವಿನ ಆಕರ್ಷಣೆ ಕೊನೆಗೂ ಇರುವುದು ಇಲ್ಲಿಯೇ. ಬೀಗವು ಎಚ್ಚರವನ್ನು ಕೈಯಿಂದ ತೆಗೆದುಕೊಂಡು ಲೋಹಕ್ಕೆ ಒಪ್ಪಿಸುತ್ತದೆ. ಬೀಗವಿಲ್ಲದ ಚಾಕು ಅದನ್ನು ಕೈಯಲ್ಲಿಯೇ ಬಿಡುತ್ತದೆ. ದೊಡ್ಡ ಚಾಕು ತುಸು ಹೆಚ್ಚಾಗಿಯೇ ಬಿಡುತ್ತದೆ. ಅದನ್ನು ಬಳಸುವವನಿಗೆ ಬಲ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು ಸದಾ ಗೊತ್ತಿರಬೇಕು. ಮೊಂಡಾದ ಅಲಗಿಗೆ ಹೆಚ್ಚು ಬಲ ಬೇಕು, ಹೆಚ್ಚು ಬಲಕ್ಕೆ ಅಡ್ಡದಾರಿಗಳು ಹೆಚ್ಚು. ಆದುದರಿಂದ ಸಾಣೆಯನ್ನು ಮುಂದೂಡುವಂತಿಲ್ಲ. ಕಾರ್ಬನ್ ಉಕ್ಕಿನ ಅಲಗಾದರೆ ಹುಳಿ ಹಣ್ಣು ಕೊಯ್ದು ಒರೆಸದೆ ಇಟ್ಟ ದಿನ ಕಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಆ ಕಲೆಗಳೇ ಒಂದು ಬೂದು-ನೀಲಿ ಬಣ್ಣವಾಗಿ ಕಟ್ಟಿಕೊಳ್ಳುತ್ತವೆ. ಮಾರ್ಕ್ ಟ್ವೇನ್ 1876ರಲ್ಲಿ ಬರೆದ ಕಾದಂಬರಿಯಲ್ಲಿ ಬಾಲಕ ಟಾಮ್ ಸಾಯರನಿಗೆ ಹನ್ನೆರಡೂವರೆ ಸೆಂಟಿನ ‘ಬಾರ್ಲೋ’ ಚಾಕು ಬಹುಮಾನವಾಗಿ ಸಿಗುತ್ತದೆ. ಅದು ಏನನ್ನೂ ಕೊಯ್ಯುವುದಿಲ್ಲ, ಆದರೂ ಅವನ ಮೈ ನಡುಗುವಷ್ಟು ಸಂತೋಷ. ಕೊಯ್ಯದ ಚಾಕುವೂ ಆ ಹುಡುಗನಿಗೆ ಒಂದು ಮಾತನ್ನು ಹೇಳಿತ್ತು: ನಿನ್ನನ್ನು ದೊಡ್ಡವರು ನಂಬಿದ್ದಾರೆ. ನಂಬಿಕೆಯನ್ನು ಹೀಗೆ ಕೈಗೆ ಕೊಡುವ ವಸ್ತುಗಳು ಇಂದಿನ ಬಾಲ್ಯದಲ್ಲಿ ಎಷ್ಟಿವೆ ಎಂದು ಎಣಿಸಿದರೆ ಬೆರಳುಗಳು ಉಳಿಯುತ್ತವೆ.

ಗಡಿಯಾಚೆಯ ಕನ್ನಡಕ್ಕೂ ಈ ರಚನೆ ಅಪರಿಚಿತವಲ್ಲ. ಕರ್ನಾಟಕದೊಳಗಿನ ಕನ್ನಡಕ್ಕೆ ರಾಜ್ಯಭಾಷೆ ಎಂಬ ಬೀಗವಿದೆ. ಕಚೇರಿ, ಫಲಕ, ಆದೇಶಗಳು ಅದನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಟ್ಟಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಅದಕ್ಕೆ ಅಂಥ ಬೀಗವಿಲ್ಲ. ಶಾಲೆ, ಮನೆಮಾತು, ಹಳೆಯ ನಂಟುಗಳೆಂಬ ಒಂದು ಸ್ಪ್ರಿಂಗ್ ಇದೆ. ಬೆನ್ನಿಗೆ ಒತ್ತಡ ಬಿದ್ದರೆ ಅದು ಮುಚ್ಚಿಕೊಳ್ಳಬಲ್ಲದು. ಅಂಥ ಒತ್ತಡ ಬೀಳುತ್ತಲೂ ಇರುತ್ತದೆ. ಅದನ್ನು ತೆರೆದಿಡುವುದು ಬಳಕೆ. ಸಂತೆಯಲ್ಲಿ ಚೌಕಾಶಿ ಮಾಡಿದಾಗ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದಾಗ, ಐಚ್ಛಿಕ ವಿಷಯವೆಂದು ಆರಿಸಿಕೊಂಡಾಗ ಅಲಗು ತನ್ನ ತಡೆಗೆ ಆತು ನಿಲ್ಲುತ್ತದೆ. ಕಡ್ಡಾಯವಿಲ್ಲದಿದ್ದರೂ ಆರಿಸಿಕೊಂಡದ್ದಕ್ಕೆ ತಾನೆ ‘ಐಚ್ಛಿಕ’ ಎಂಬ ಹೆಸರು.

ಚಾಕು ಮಾಡುವವರಲ್ಲಿ ಒಂದು ಪರೀಕ್ಷೆಯಿದೆ. ಒಳ್ಳೆಯ ಮಡಚುವ ಚಾಕುವಿಗೆ ‘ನಡಿಗೆ’ ಮತ್ತು ‘ಮಾತು’ ಎರಡೂ ಇರಬೇಕೆಂದು ಇಂಗ್ಲಿಷಿನವರು ಹೇಳುತ್ತಾರೆ. ಅಲಗು ತಡೆಯಿಲ್ಲದೆ ತಿರುಗಿದರೆ ಅದು ನಡಿಗೆ. ತಂಗುದಾಣಕ್ಕೆ ಬಂದಾಗ ‘ಟಕ್’ ಎಂದು ಸ್ಪಷ್ಟವಾಗಿ ನುಡಿದರೆ ಅದು ಮಾತು. ಕನ್ನಡಿಗರಿಗೆ ಇದನ್ನು ಹೇಳಲು ಎರಡು ಪದಗಳು ಬೇಕಾಗಿಲ್ಲ. ‘ನಡೆನುಡಿ’ ಎಂಬ ಒಂದು ಜೋಡುನುಡಿ ಸಾಕು. ಸಿದ್ಧರಾಮನ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, 12ನೆಯ ಶತಮಾನದಿಂದಲೂ ಮನುಷ್ಯರನ್ನು ತೂಗಿದ ತಕ್ಕಡಿ ಅದು. ಚಾಕುವಿಗೂ ಅದೇ ತಕ್ಕಡಿ ಸಲ್ಲುತ್ತದೆ. ನಡಿಗೆ ಸಡಿಲವಾದರೆ ಅಲಗು ಅಲುಗಾಡುತ್ತದೆ. ನುಡಿ ಮಂಕಾದರೆ ಸ್ಪ್ರಿಂಗ್ ಸೋತಿದೆಯೆಂದು ಅರ್ಥ.

ಲಾಯೋಲ್ ಚಾಕುವನ್ನು ಬಲ್ಲವರು ಇದಕ್ಕೆ ಒಂದು ತಿದ್ದುಪಡಿ ಸೇರಿಸುತ್ತಾರೆ. ತೆರೆಯುವಾಗ ಅದು ಎಷ್ಟು ಬೇಕಾದರೂ ಸದ್ದು ಮಾಡಲಿ. ಮುಚ್ಚುವಾಗ ಅಲಗನ್ನು ತಾನಾಗಿ ಬಡಿದುಕೊಳ್ಳಲು ಬಿಡಬಾರದು. ಬಿಟ್ಟರೆ ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ತಾಗಿ ಮುಕ್ಕಾಗುತ್ತದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯ ಬೆರಳುಗಳು ಅಲಗಿನ ಬೆನ್ನ ಮೇಲೆ, ಹಿಡಿದ ಬೆರಳುಗಳು ಸೀಳಿನಿಂದ ದೂರ. ಕೊನೆಯ ಅರ್ಧ ಇಂಚನ್ನು ಮಗುವಿನ ಕೋಣೆಯ ಬಾಗಿಲನ್ನು ಎಳೆದುಕೊಳ್ಳುವಂತೆ ಮೆಲ್ಲಗೆ ಇಳಿಸಬೇಕು.